ಮುರಿಯದ ಹೋಳಿಗೆ

"ಏ ನಿಂದರ್ರಿ! ತಾಟು ಅಲ್ಲೇ ಬಿಟ್ಟು ಎಲ್ಲಿಗೆ ಹೊಂಟೀರಿ?"

ದುರ್ಗಾಳ ದನಿಗೆ ಇಡೀ ಮೆಸ್ಸು ತಿರುಗಿ ನೋಡಿತು. ತಿರುಗಬೇಕಾದವನು ಮಾತ್ರ ಬಾಗಿಲ ತನಕ ಓಡಿ, ಒಂದೇ ಒಂದು ಸಲ ಅವಳ ಕಡೆ ನೋಡಿದ. ಆ ಕಣ್ಣಲ್ಲಿ ಏನಿತ್ತೋ... ಮರುಗಳಿಗೆ ಅವನಿಲ್ಲ!

'ಎಷ್ಟು ಸೊಕ್ಕು ಇವಂಗ!' ಅಂದುಕೊಂಡಳು.

ಧಾರವಾಡದ ಆ ವಿಶ್ವವಿದ್ಯಾಲಯದ ಹಸಿರು ಸಮಿತಿಯಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಪರವಾಗಿ ಇದ್ದವಳು ದುರ್ಗಾ. ಮೆಸ್ಸಿನಲ್ಲಿ ಅನ್ನ ಚೆಲ್ಲಬಾರದು ಎಂಬ ನಿಯಮ ಅವಳದೇ ಕೂಸು. ಯಾರು ಊಟ ಬಿಟ್ಟರೂ ತಾಟನ್ನು ತಕ್ಕಡಿಯಲ್ಲಿಟ್ಟು ತೂಗುವುದು, ಫೋಟೋ ತೆಗೆದು ಹೆಸರಿನ ಸಮೇತ ಹಾಸ್ಟೆಲಿನ ವಾಟ್ಸಾಪ್ ಗ್ರೂಪಿಗೆ ಹಾಕುವುದು.

ಅವ್ವನ ಜೊತೆ ಹೊಲದಲ್ಲಿ ಕಳೆ ತೆಗೆದು ಬೆಳೆದವಳು. ಅನ್ನ ತೊಟ್ಟಿಗೆ ಬಿದ್ದರೆ ಹೊಟ್ಟೆ ಉರಿಯುತ್ತಿತ್ತು. ನಿಯಮವೇನೋ ಒಳ್ಳೆಯದೇ. ಆದರೆ ನಾಲ್ಕು ಜನರೆದುರು ನಾಚಿಸಿ ಬುದ್ಧಿ ಕಲಿಸುವುದಕ್ಕೂ ಒಂದು ರುಚಿ ಇರುತ್ತದೆ ನೋಡಿ, ಅದು ನಮ್ಮ ದುರ್ಗಾಳಿಗೂ ಹತ್ತಿಬಿಟ್ಟಿತ್ತು.

ಅಂದು ಹೋಳಿಗೆ ಊಟ. ಅವನು ಬಿಟ್ಟುಹೋದ ತಾಟಿನಲ್ಲಿ ಹೋಳಿಗೆ, ತುಪ್ಪ, ಅನ್ನ, ಕಟ್ಟಿನ ಸಾರು ಎಲ್ಲವೂ ಇದ್ದವು. ಫೋಟೋ ತೆಗೆದು, 'ರಸಾಯನಶಾಸ್ತ್ರದ ಆಶಿಷ್ ಅವರು ಉಂಡು ಉಳಿಸಿದ್ದು! ಶರಣು ಮಾಡ್ರಿ!' ಎಂದು ಬರೆದು ಕಳಿಸಿಯೂಬಿಟ್ಟಳು. ನಗುವ ಮುಖಗಳು ಸಾಲುಗಟ್ಟಿ ಬಂದವು.

ಎರಡು ವಾರ ಅವನು ಕಾಣಲೇ ಇಲ್ಲ.

ಆಮೇಲೊಂದು ಮಧ್ಯಾಹ್ನ, ಸರದಿಯಲ್ಲಿ ಅವಳ ಮುಂದೆ ನಿಂತಿದ್ದವನು ತಿರುಗಿದ. ತಲೆ ಬೋಳಾಗಿತ್ತು... ತಿರುಪತಿಗೆ ಹೋಗಿ ಬಂದವರ ಮುಖ ಹಾಗಿರುವುದಿಲ್ಲ.

ದುರ್ಗಾ ಎತ್ತಿಕೊಂಡಿದ್ದ ತಾಟನ್ನು ಕೆಳಗಿಟ್ಟಳು.

"ಯಾರ್ರಿ...?"

"ನಮ್ಮ ಅವ್ವ."

"ಯಾವಾಗ?"

"ಹೋಳಿಗಿ ಮಾಡಿದ್ರಲ್ಲ, ಅವತ್ತು."

ಒಂದೇ ಒಂದು ರೊಟ್ಟಿ ಹಾಕಿಸಿಕೊಂಡು ಅವನು ಮೂಲೆಯ ಮೇಜಿಗೆ ಹೋದ. ಅವಳು ಹಿಂದೆಯೇ ಓಡಿದಳು.

"ನಂದು ತಪ್ಪಾತ್ರಿ! ಗ್ರೂಪಿನ್ಯಾಗಿಂದ ಈಗ ತಗದು ಹಾಕ್ತೇನಿ..."

"ನಿಮಗ ಗೊತ್ತಿರಲಿಲ್ಲಲ್ಲ. ಬಿಡ್ರಿ."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು!

ಅಂದಿನಿಂದ ಅವಳು ಅದೇ ಮೇಜಿಗೆ ಕೂರತೊಡಗಿದಳು. ಮೊದಮೊದಲು ಮಾತೇ ಇಲ್ಲ. ಆಮೇಲೆ ಅವಳು ತಡವಾಗಿ ಬಂದರೆ ಎದುರಿನ ಜಾಗದಲ್ಲಿ ಅವನ ನೀರಿನ ಲೋಟ ಕಾವಲಿಗೆ ಕೂತಿರುತ್ತಿತ್ತು. ಒಂದು ದಿನ ಸಮಿತಿಯ ಗೊಬ್ಬರದ ಗುಂಡಿಯ ಕೆಲಸದಿಂದ ಸೀದಾ ಬಂದವಳನ್ನು ನೋಡಿ, "ಗುಂಡೀನ ಊಟಕ್ಕ ಎದ್ದು ಬಂತು ಅಂದ್ಕೊಂಡೆ" ಎಂದು ನಕ್ಕ. ದಿನವಿಡೀ ದುರ್ಗಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಅವನ ತಾಟಿನಲ್ಲಿ ಒಂದಕ್ಕಿಂತ ಹೆಚ್ಚು ರೊಟ್ಟಿ ಬೀಳುತ್ತಲೇ ಇರಲಿಲ್ಲ.

'ಇವರ ಮ್ಯಾಲ ನನಗ ಜೀವ ಆಗೇತಿ... ಆದ್ರ ಯಾವ ಮುಖ ಇಟ್ಕೊಂಡು ಹೇಳ್ಲಿ?'

"ಇನ್ನೊಂದು ರೊಟ್ಟಿ ತಗೋರಿ. ಭಾಳ ಸೊರಗಾಕತ್ತೀರಿ," ಅಂದಳು ಒಂದು ದಿನ.

"ತುಂಬಿದ ತಾಟು ನೋಡಿದ್ರ ಗಂಟಲದಾಗ ಇಳಿಯೂದಿಲ್ರಿ."

"ಯಾಕ? ಖರೇ ಹೇಳ್ರಿ!"

ಅವನು ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ತಾಟಿಗಿಟ್ಟ.

"ಅವ್ವನ್ನ ಹುಬ್ಬಳ್ಳಿ ವಿದ್ಯಾನಗರದ ಆಸ್ಪತ್ರ್ಯಾಗ ಇಟ್ಟಿದ್ವಿ. ಆರಾಮ ಆಗ್ಯದ, ನೀ ಹೋಗು ಅಂತ ಅಪ್ಪಾನ ನನ್ನ ಇಲ್ಲಿಗೆ ಕಳಿಸಿದ್ರು. ಊಟಕ್ಕ ಕೂತೆ, ಫೋನ್ ಬಂತು. ನಾ ಮುಟ್ಟೂದ್ರೊಳಗ ಅವ್ವ ಹೋಗಿದ್ಲು... ಅಷ್ಟರಾಗ ಇದ ಹಾಸ್ಟೆಲಿನ್ಯಾಗಿರೂ ನಮ್ಮ ಓಣಿ ಹುಡುಗ ಚ್ಯಾಷ್ಟಿಗೆ ನಿಮ್ಮ ಫೋಟೋ ಅಪ್ಪಗ ಕಳಿಸಿದ್ದ. ನಾ ಹೋಳಿಗಿ ಊಟಾ ಮುಗಿಸಿ, ಮಿಕ್ಕಿದ್ದು ಬಿಟ್ಟು ಸಾವಕಾಶ ಬಂದೀನಿ ಅಂತ ತಿಳಕೊಂಡಾರ. ಅವತ್ತಿಂದ ನನ್ನ ಕೂಡ ಮಾತಿಲ್ಲ."

"ಅಯ್ಯೋ! ನೀವು ಹೇಳಬೇಕಿಲ್ಲೇನ್ರಿ?"

"ಏನಂತ ಹೇಳ್ಲಿ? ಅವ್ವ ಅಲ್ಲಿ ಸಾಯ್ಲಿಕ್ಕತ್ತಾಗ ನಾ ಇಲ್ಲಿ ತಾಟಿನ ಮುಂದ ಕೂತಿದ್ದು ಸುಳ್ಳೇನು?"

ಆ ಮಾತು ಅವಳ ಎದೆಗೆ ನಾಟಿತು.

ಮರುದಿನ ಸಮಿತಿಯ ಸಭೆಯಲ್ಲಿ ಅಧ್ಯಕ್ಷರಾದ ಪ್ರೊಫೆಸರರು ಅವಳನ್ನು ಹೊಗಳಿದ್ದೇ ಹೊಗಳಿದ್ದು. ಮೆಸ್ಸಿನ ಕಸದ ಬಕೀಟು ಖಾಲಿಯಾಗಿದೆಯಂತೆ! ದುರ್ಗಾ ಎದ್ದು ನಿಂತಳು.

"ಸರ್, ಹುಡುಗರ ಹೊಟ್ಟೀನೂ ಖಾಲಿ ಐತ್ರಿ. ಫೋಟೋಕ್ಕ ಅಂಜಿ ಕಡಿಮಿ ಉಣ್ಣಾಕತ್ತಾರ. ತೂಕ ಇರಲಿ, ಹೆಸರು ಫೋಟೋ ಬ್ಯಾಡ್ರಿ. ಸ್ವಲ್ಪ ಸ್ವಲ್ಪ ಬಡಿಸೂಣು, ಕೇಳಿದ್ರ ಮತ್ತ ಹಾಕೂಣು."

ಪ್ರೊಫೆಸರರು ಹುಬ್ಬು ಗಂಟಿಕ್ಕಿದರು, ಕಡೆಗೆ ಒಪ್ಪಿದರು. ಅದು ಸುಲಭದ ಕೆಲಸ. ಕಷ್ಟದ್ದು ಹುಬ್ಬಳ್ಳಿಯ ಹತ್ತಿರ, ಆಶಿಷ್ ಮನೆಯಿದ್ದ ಉಣಕಲ್‌ನಲ್ಲಿ ಕಾದಿತ್ತು.

ಭಾನುವಾರ ಆಶಿಷ್‌ನಿಗೂ ಹೇಳದೆ ಅವಳು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹತ್ತಿದಳು. ಕೆರೆಯ ಹತ್ತಿರ ವಿಚಾರಿಸಿ ಹುಡುಕಿದ ಮನೆಯ ಬಾಗಿಲು ತೆರೆದವರು ಅವನ ಅಪ್ಪ ವೆಂಕಣ್ಣ ಮಾಸ್ತರರು.

"ಆ ಫೋಟೋ ತಗದಾಕಿ ನಾನರಿ."

ರಜೆಯೆಂದು ಮನೆಗೆ ಬಂದಿದ್ದ ಆಶಿಷ್ ಒಳಗಿನಿಂದ ಗಾಬರಿಯಾಗಿ ಬಂದ. "ದುರ್ಗಾ, ಬ್ಯಾಡ್ರಿ..."

"ನನಗ ಹೇಳಾಕ ಬಿಡ್ರಿ!" ಅವಳು ಫೋನು ಚಾಚಿದಳು. "ಸರ, ಅವತ್ತು ನೀವು ಇದರ ಕೆಳಗ ನಾ ಬರದದ್ದು ಓದೀರಿ. ಇವತ್ತು ತಾಟು ನೋಡ್ರಿ."

ಮಾಸ್ತರರು ಚಷ್ಮಾ ಏರಿಸಿದರು.

"ಹೋಳಿಗಿ ಮುರದಿಲ್ಲ. ತುಪ್ಪಾ ಹಾಕಿದಲ್ಲೇ ಐತಿ. ಅನ್ನಕ್ಕ ಸಾರು ಕಲಸಿಲ್ಲ. ತೂಗಿದಾಕಿ ನಾನ, ಬಡಿಸಿದಷ್ಟೂ ತಕ್ಕಡ್ಯಾಗ ಬಂತು. ಒಂದು ತುತ್ತೂ ಅವರ ಬಾಯಿಗೆ ಹೋಗಿಲ್ರಿ! ಉಂಡು ಉಳಿಸಿದ್ದು ಅಂತ ನಾ ಬರದದ್ದ ಸುಳ್ಳು. ಆಸ್ಪತ್ರಿಗೆ ಓಡೂ ಮಗನ್ನ ನಿಂದರ್ರಿ ಅಂತ ಒದರಿದಾಕೀನೂ ನಾನ. ಬೈಯೂದಿದ್ರ ನನಗ ಬೈರಿ..."

ವೆಂಕಣ್ಣನವರ ಬೆರಳು ಆ ಹೋಳಿಗೆಯ ಚಿತ್ರದ ಮೇಲೆ ಮೆಲ್ಲಗೆ ಆಡಿತು. ಆಮೇಲೆ ತಲೆಯೆತ್ತಿ ಮಗನ ಗುಳಿಬಿದ್ದ ಕೆನ್ನೆಯನ್ನು ನೋಡಿದರು.

"ಆಶೂ... ಅವತ್ತಿಂದ ಹೊಟ್ಟಿ ತುಂಬ ಉಂಡೀಯೇನೋ?"

ಆಶಿಷ್ ಅಪ್ಪನ ಕಾಲ ಬಳಿ ಕುಸಿದು, ಇಷ್ಟು ದಿನ ತಡೆದಿದ್ದನ್ನೆಲ್ಲ ಅತ್ತ.

"ನಾ ಒಂದು ಮಾತು ಕೇಳಬೇಕಾಗಿತ್ತಪ್ಪಾ... ಕೇಳ್ಲಿಲ್ಲ," ಎಂದು ಮಾಸ್ತರರೂ ಕಣ್ಣೊರೆಸಿಕೊಂಡರು. ಹೊರಡಲು ತಿರುಗಿದ ದುರ್ಗಾಳಿಗೆ, "ಉಂಡು ಹೋಗವಾ," ಅಂದರು. ಸಿಟ್ಟು ಪೂರ್ತಿ ಹೋಗಿರಲಿಲ್ಲ. ಆದರೂ ಮೂರು ತಾಟು ಹಾಕಿ ತಾವೇ ಬಡಿಸಿದರು.

ಬಸ್ ನಿಲ್ದಾಣದ ತನಕ ಆಶಿಷ್ ಜೊತೆಗೆ ಬಂದ.

"ದಿನಾ ನನ್ನ ಎದುರಿಗೆ ಕೂತು ಉಣ್ತೀರಿ," ಎಂದು ತಡವರಿಸಿದ. "ಇನ್ನ ಮ್ಯಾಲೂ... ಜೀವನಾ ಪೂರ್ತಿ ಹಂಗ ಕೂಡ್ತೀರೇನ್ರಿ?"

ದುರ್ಗಾ ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂದು ನಿಂತಿತು. ಉತ್ತರ ಬರಲಿಲ್ಲವೆಂದು ಅವನು ಸಪ್ಪೆ ಮುಖದಲ್ಲಿ ಹೊರಳಿ ನಡೆದ.

"ಏ ನಿಂದರ್ರಿ!"

ಇಡೀ ನಿಲ್ದಾಣ ತಿರುಗಿ ನೋಡಿತು. ಈ ಸಲ ಅವನು ನಿಂತ. ಬಸ್ಸು ಅವಳನ್ನು ಬಿಟ್ಟೇ ಹೋಯಿತು.

"ಉತ್ತರಾ ಕೇಳದ ಹೊಂಟೀರಲ್ಲ! ಕೂಡ್ತೇನ್ರಿ... ಆದ್ರ ದುಃಖಾ ಆಗ್ಲಿ, ಸಿಟ್ಟಾಗ್ಲಿ, ನೀವೊಬ್ಬರ ನುಂಗಬಾರದು. ನನಗ ಹೇಳಬೇಕು."

"ಹೇಳ್ತೀನಿ." ಅವನ ಕಣ್ಣು ತುಂಬಿತ್ತು. "ನಮ್ಮ ಅವ್ವ ಇದ್ದಿದ್ರ ಆಕಿಗೆ ನೀ ಭಾಳ ಸೇರ್ತಿದ್ದಿ, ದುರ್ಗಾ."

ಅವಳು ಅವನ ಕೈ ಹಿಡಿದಳು.

"ನಾಳೆ ಎಷ್ಟು ರೊಟ್ಟಿ?"

"ಎರಡು."