ಅತ್ತೆಯ ಬಾಯಲ್ಲಿದ್ದ ಲವಂಗ

ಊಟವಾದ ಮೇಲೆ ದವಡೆಯಲ್ಲೊಂದು ಲವಂಗ ಇಟ್ಟುಕೊಳ್ಳದಿದ್ದರೆ ನಮ್ಮ ಅತ್ತೆಗೆ ಆಗುವುದಿಲ್ಲ. ಜೂನ್‌ನಲ್ಲಿ ಅವರು ಮೈಸೂರಿನಿಂದ ಸಿಂಗಪುರದ ಸೆಂಗ್‌ಕಾಂಗ್‌ನ ನಮ್ಮ ಮನೆಗೆ ಬಂದಿದ್ದಾಗ, ಮೆಕ್ಸಿಕೋ ಕಡೆಯ ಪ್ರಾಚೀನ ಜೇಡ್ ಎಂಬ ಹಸಿರು ಕಲ್ಲಿನ ಕೆತ್ತನೆಗಳ ಮ್ಯೂಸಿಯಂ ನೋಡಲು ಹೋದೆವು. ಆಗಲೂ ಬಾಯಲ್ಲಿ ಲವಂಗವಿತ್ತು.

ಕೊನೆಯ ಗಾಜಿನ ಪೆಟ್ಟಿಗೆಯಲ್ಲಿ ಬಿಳಿ ಬಟ್ಟೆಯ ಮೇಲೆ ಏಳು ಹಸಿರು ಮಣಿಗಳಿದ್ದವು. ಸತ್ತವರ ಉಸಿರು ಉಳಿಯಲೆಂದು ಅವರ ಬಾಯೊಳಗೆ ಇಡುತ್ತಿದ್ದ ಮಣಿಗಳು ಎಂದು ಫಲಕ ಓದಿ ಹೇಳಿದೆ.

“ಪಾಪ, ನಾವು ಗಂಗಾಜಲ ಬಿಡ್ತೀವಲ್ಲ, ಹಾಗೆ,” ಎಂದು ಅತ್ತೆ ಕೈಮುಗಿದರು.

ಬಾಯಾಡುವುದನ್ನು ಕಂಡ ಗಾರ್ಡ್ ಅಂಕಲ್ ಹತ್ತಿರ ಬಂದ. “ಆಂಟಿ, ಹಿಯರ್ ಕೆನಾಟ್ ಈಟ್ ಲಾ.”

ಅತ್ತೆಯ ಮುಖ ಬಿಳಿಚಿಕೊಂಡಿತು. “ಲವಂಗದಲ್ಲಿ ಖಾರಾನೇ ಇಲ್ಲ ಕಣೆ. ಐಸ್ ಇಟ್ಟಂಗಿದೆ.”

“ಉಗಿದುಬಿಡಿ ಅತ್ತೆ,” ಎಂದು ಟಿಶ್ಯೂ ಹಿಡಿದೆ. ಉಗಿಯಲು ಏನೂ ಇರಲಿಲ್ಲ.

“ನುಂಗಿಬಿಟ್ನೇನೋ,” ಎಂದರು.

ವಾಪಸ್ ಬರುವಾಗ ಎಂಆರ್‌ಟಿ ರೈಲಿನಲ್ಲಿ ಅವರು ಮಾತಾಡಿದಾಗಲೆಲ್ಲ ಹಲ್ಲಿಗೆ ಕಲ್ಲು ತಾಗಿದಂತೆ ‘ಟಿಕ್’ ಎಂದು ಕೇಳಿಸಿತು. ಮರುದಿನ ಡೆಂಟಿಸ್ಟ್ ಎಕ್ಸ್‌ರೇ ತೆಗೆದು, ಏನೂ ಇಲ್ಲ ಎಂದರು.

ಅತ್ತೆ ಈಗ ಮೈಸೂರಿನಲ್ಲಿದ್ದಾರೆ. ಬಿಸಿ ಕಾಫಿ ಬಾಯಿಗೆ ಹೋದ ಕೂಡಲೇ ತಣ್ಣಗಾಗುತ್ತದಂತೆ. ವಿಡಿಯೋ ಕಾಲ್‌ನಲ್ಲಿ ಆ ‘ಟಿಕ್’ ನನಗೆ ಕೇಳಿಸುತ್ತದೆ, ಅವರಿಗೆ ಕೇಳಿಸುವುದಿಲ್ಲ.

ನಾಲ್ಕು ತಿಂಗಳಾದ ಮೇಲೆ, ಮೊನ್ನೆ ಶನಿವಾರ, ಒಬ್ಬಳೇ ಮ್ಯೂಸಿಯಂಗೆ ಹೋಗಿ ಬಂದೆ. ಪೆಟ್ಟಿಗೆಗೆ ಬೀಗ ಹಾಗೇ ಇದೆ. ಫಲಕದಲ್ಲಿ ಈಗಲೂ ಏಳು ಮಣಿ ಎಂದೇ ಬರೆದಿದೆ. ಒಳಗಿರುವುದು ಆರು. ಏಳನೆಯದರ ಜಾಗದಲ್ಲಿ ಒಂದು ಲವಂಗವಿದೆ. ಅದರ ಸುತ್ತ ಬಟ್ಟೆ ಇನ್ನೂ ಒದ್ದೆಯಾಗಿದೆ.