ಅಮ್ಮನಿಗೊಂದು ಮೂಗು

"ಈಗ ಮೂಸಿ ನೋಡು. ಪೆಟ್ರೋಲ್ ವಾಸನೆ ಬರ್ತಿದೆಯಾ?" ಅಮ್ಮ ಬಾನೆಟ್‌ನೊಳಗಿಂದ ತಲೆ ಎತ್ತಿ ಕೇಳಿದಳು.

ಚಿನ್ನಿ ಹೊಸ ಫ್ರಾಕ್ ಹಾಕಿಕೊಂಡು ಮನೆಯ ಮುಂದೆ ಕಾರಿನ ಪಕ್ಕ ನಿಂತಿದ್ದಳು. ದೂರದ ಊರಿನಲ್ಲಿ ಕೆಲಸಕ್ಕಿದ್ದ ಅಪ್ಪ ಎಷ್ಟೋ ತಿಂಗಳಾದ ಮೇಲೆ ಸಂಜೆಯ ರೈಲಿಗೆ ಬರುವವನಿದ್ದ. ರೈಲು ನಿಲ್ಲುವ ಮೊದಲೇ ಪ್ಲಾಟ್‌ಫಾರಂನಲ್ಲಿ ನಿಂತು ಕೈ ಬೀಸಬೇಕು ಎಂದು ಅವಳು ವಾರದಿಂದ ಕುಣಿಯುತ್ತಿದ್ದಳು. ಸರಿಯಾಗಿ ಇವತ್ತೇ ಕಾರು ಕೈಕೊಟ್ಟಿತ್ತು. ಮುಗ್ಗರಿಸಿ ಮುಗ್ಗರಿಸಿ ಓಡುತ್ತಿತ್ತು. ಒಳಗೆಲ್ಲ ಪೆಟ್ರೋಲ್ ನಾತ ಬೇರೆ.

ಅಮ್ಮ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಹಳೆಯ ಫ್ಯೂಯಲ್ ಫಿಲ್ಟರ್ ಬಿಚ್ಚಿ ತಟ್ಟೆಗೆ ಬಗ್ಗಿಸಿದಾಗ ಕಾಫಿ ಚರಟದಂಥ ಕಪ್ಪು ಕೊಳೆ ಇಳಿದಿತ್ತು. ಪೆಟ್ರೋಲಿನ ಕಸವೆಲ್ಲ ಅದರಲ್ಲೇ ಕೂತಿತ್ತಂತೆ. ಹೊಸದರ ಮೇಲೆ ಒಂದು ಬಾಣದ ಗುರುತಿತ್ತು. ಆ ಬಾಣ ಎಂಜಿನ್ ಕಡೆಗಿರುವಂತೆ ಕೂರಿಸಿ ಅಮ್ಮ ಪೈಪಿಗೆ ಕ್ಲಿಪ್ ಬಿಗಿದಿದ್ದಳು. ಇನ್ನೂ ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡುವುದಷ್ಟೇ ಬಾಕಿ.

ಮೊದಲಾಗಿದ್ದರೆ ಅಮ್ಮ ಯಾರನ್ನೂ ಕೇಳುತ್ತಿರಲಿಲ್ಲ. ಗ್ಯಾರೇಜಿನ ಗೇಟಿನ ಹತ್ತಿರ ನಿಂತೇ ಯಾವ ಗಾಡಿ ಸೋರುತ್ತಿದೆ ಎಂದು ಹೇಳುವ ಮೂಗು ಅವಳದು. ಹೋದ ತಿಂಗಳು ಬಂದ ಜ್ವರ, ಹೋಗುವಾಗ ಆ ಮೂಗಿನ ಶಕ್ತಿಯನ್ನೂ ಗಂಟು ಕಟ್ಟಿಕೊಂಡು ಹೋಗಿತ್ತು. ಈಗ ಹಾಲು ಸೀದು ಹೋದರೂ ಅಮ್ಮನಿಗೆ ತಿಳಿಯುತ್ತಿರಲಿಲ್ಲ.

ಕೇಳಿದ್ದಾದರೂ ಯಾರನ್ನು? ಬಂಡಲ್ ಬಿಡುವುದರಲ್ಲಿ ಚಿನ್ನಿ ಎತ್ತಿದ ಕೈ. ಹೆಡ್‌ಮಿಸ್‌ಗೆ ಗೋಡೆಯ ಹಲ್ಲಿ ಸಲ್ಯೂಟ್ ಹೊಡೆಯಿತು ಎಂದು ಇಡೀ ಕ್ಲಾಸನ್ನು ನಂಬಿಸಿದ್ದವಳು. ಅವಳು ಹೇಳಿದ್ದರಲ್ಲಿ ಮುಕ್ಕಾಲು ಭಾಗ ಕಳೆದು ಉಳಿದಿದ್ದನ್ನು ಕೇಳಬೇಕು ಎಂಬುದು ಅಜ್ಜಿಯ ಲೆಕ್ಕ.

ಚಿನ್ನಿ ಬಗ್ಗಿ ಮೂಸಿದಳು. ಏನೂ ಇಲ್ಲ. ಇನ್ನೊಮ್ಮೆ ಮೂಸಿದಳು. ಎಲ್ಲೋ ಒಂಚೂರು, ಇದೆಯೋ ಇಲ್ಲವೋ ಎನ್ನುವಷ್ಟು. ಇಲ್ಲ ಎಂದುಬಿಟ್ಟರೆ ಈಗಲೇ ಹೊರಡಬಹುದು. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

"ಬರ್ತಿದೆ ಅಮ್ಮ. ಸ್ವಲ್ಪ."

ಮೆಟ್ಟಿಲ ಮೇಲೆ ನಿಂತಿದ್ದ ಅಜ್ಜಿಗೆ ರೇಗಿತು. "ಇವಳ ಮಾತು ಕಟ್ಕೊಂಡು ಮತ್ತೆ ಬಿಚ್ಚೋಕೆ ಹೋಗ್ತೀಯಾ?"

"ಇವತ್ತು ನನ್ನ ಮೂಗು ಇವಳೇ ಅಲ್ವಾ ಅತ್ತೆ," ಎಂದವಳೇ ಅಮ್ಮ ಮತ್ತೆ ಬಾನೆಟ್‌ನೊಳಗೆ ಬಗ್ಗಿದಳು.

ಚಿನ್ನಿ ಅಮ್ಮನ ಬೆನ್ನನ್ನೇ ನೋಡಿದಳು. ಅಮ್ಮ ನಿಜವಾಗಿಯೂ ನಂಬಿಬಿಟ್ಟಿದ್ದಳು. ಒಂದು ಪ್ರಶ್ನೆ ಕೂಡ ಕೇಳಲಿಲ್ಲ.

ಅಮ್ಮ ಪೈಪನ್ನು ಒಣಬಟ್ಟೆಯಲ್ಲಿ ಒರೆಸಿದಳು. ಅಜ್ಜಿಯ ಪೌಡರ್ ಡಬ್ಬಿ ತರಿಸಿ ಸೋರಿದರೆ ಕಾಣಲಿ ಎಂದು ಪೈಪಿನ ಉದ್ದಕ್ಕೂ ಉದುರಿಸಿದಳು. ಆಮೇಲೆ ಕೀ ಅರ್ಧ ತಿರುಗಿಸಿದಳು, ಸ್ಟಾರ್ಟ್ ಮಾಡಲಿಲ್ಲ. ಹಿಂದುಗಡೆ ಪೆಟ್ರೋಲ್ ತಳ್ಳುವ ಪಂಪು ಗುಂಯ್ ಎಂದಿತು. ಇಬ್ಬರೂ ಟಾರ್ಚ್ ಹಾಕಿ ನೋಡುತ್ತ ನಿಂತರು. ಬಿಳಿ ಪೌಡರ್ ಬಿಳಿಯಾಗಿಯೇ ಇತ್ತು. ನನ್ನ ಮೂಗೂ ಬಂಡಲ್ ಬಿಟ್ಟಿತೇನೋ ಎಂದು ಚಿನ್ನಿಗೆ ಭಯವಾಯಿತು.

ಆಗ ಕ್ಲಿಪ್‌ನ ಕೆಳಗೆ ಎಳ್ಳಿನಷ್ಟು ಜಾಗ ಕಪ್ಪಾಯಿತು. ನೋಡನೋಡುತ್ತಿದ್ದಂತೆ ಅದು ಒದ್ದೆಯಾಗಿ, ಉಬ್ಬಿ, ಹೊಳೆಯುವ ಒಂದು ಹನಿಯಾಯಿತು. ಹಳೆಯ ರಬ್ಬರ್ ಪೈಪಿನಲ್ಲಿ ಕೂದಲಿಗಿಂತ ಸಣ್ಣ ಬಿರುಕು. ಚಿನ್ನಿ ಇನ್ನೂ ಹತ್ತಿರ ಬಗ್ಗಿದಳು. ಕಣ್ಣಿಗೆ ಕಾಣದ ಇದು ತನಗೆ ಹೇಗೆ ತಿಳಿಯಿತು?

ಅಜ್ಜಿ ಕೆಳಗಿಳಿದು ಬಂದು, ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಪೌಡರ್ ಡಬ್ಬಿಯ ಮುಚ್ಚಳ ಹಾಕಿದಳು.

ಅಮ್ಮ ಹೊಸ ಪೈಪನ್ನು ಅಳತೆಗೆ ಕತ್ತರಿಸಿ ಹಾಕುತ್ತಿರುವಾಗ ದೂರದಲ್ಲಿ ರೈಲು ಕೂಗಿತು. ಅಪ್ಪನ ರೈಲೇ. ಚಿನ್ನಿಗೆ ಅಳು ಬಂತು, ನುಂಗಿಕೊಂಡಳು.

ಅಮ್ಮ ಇನ್ನೊಮ್ಮೆ ಕೀ ತಿರುಗಿಸಿ ಬಂದಳು. "ಈಗ?"

ಚಿನ್ನಿ ಮೂಸಿದಳು. "ನೀನು ಆ ಕಡೆ ಹೋಗಮ್ಮ. ನಿನ್ನ ಕೈಯಲ್ಲೇ ವಾಸನೆ ಇದೆ."

ಅಮ್ಮ ದೂರ ಹೋಗಿ ಅಜ್ಜಿಯ ಪಕ್ಕ ನಿಂತಳು. ಇಬ್ಬರೂ ಇವಳ ಕಡೆ ನೋಡುತ್ತಿದ್ದರು. ಬೇಗ ಹೇಳು ಎಂದು ಯಾರೂ ಅನ್ನಲಿಲ್ಲ.

ಚಿನ್ನಿ ಕಣ್ಣು ಮುಚ್ಚಿ ಬಗ್ಗಿದಳು. ರಬ್ಬರ್, ಧೂಳು, ಪೌಡರ್. ಬೇರೇನೂ ಇಲ್ಲ. ಅಪ್ಪ ಈಗ ಪ್ಲಾಟ್‌ಫಾರಂನಲ್ಲಿ ಅತ್ತಿತ್ತ ಹುಡುಕುತ್ತಿರಬಹುದು. ಸ್ವಲ್ಪ ಹೊತ್ತು ನಿಂತಿರಲಿ. ಅವನೂ ಇದೇ ಕಾರಿನಲ್ಲಿ ಕೂತು ಬರಬೇಕಲ್ಲ.

ಅವಳು ಇನ್ನೊಂದು ಸಲ ಬಗ್ಗಿ ಮೂಸಿದಳು.