ಬುರ್ಹಾನನ ಬಾಯಿ ಮೇಲಿನ ಮೇಣ

"ಚಿತ್ರದ ಕಟ್ಟು ಬದಲಿಸು ಮಗಾ, ಅಷ್ಟೇ. ಬಾಯಿ ಮೇಲಿರೋ ಮೇಣ ಮುಟ್ಬೇಡ. ನಿನ್ನ ಕೂದ್ಲು, ಬೆವ್ರು, ಎಂಜ್ಲು, ಏನೂ ಅದಕ್ಕೆ ಸೋಕ್ಬಾರ್ದು."

ಸನೋಬರ್ ಖೋಲಾ ದನಿ ತಗ್ಗಿಸಿ ಹೇಳಿದಳು. ಖೋಲಾ ಎಂದರೆ ಚಿಕ್ಕಮ್ಮ, ಕೋಕಂದ್ ಪಟ್ಟಣದ ನಮ್ಮ ಬೀದಿಗೆಲ್ಲ ಅವಳು ಹಾಗೇ. ಬಾಗಿಲಲ್ಲಿ ನಿಂತು ಮೂರು ಬೀದಿಗೆ ಕೇಳುವಂತೆ ಬೈಯುವ ಹೆಂಗಸು ಪಿಸುಗುಟ್ಟುತ್ತಿದ್ದಾಳೆಂದರೆ, ತಲೆಯಲ್ಲಿ ಏನಾದರೂ ಇದ್ದವನು ಕಿವಿಗೊಡಬೇಕಿತ್ತು. ಝೋಯಿರ್ ನಕ್ಕ.

ಅವನು ಪೀಟರ್ಸ್‌ಬರ್ಗಿನಲ್ಲಿ ಹಳೆಯ ಚಿತ್ರಗಳನ್ನು ಉಳಿಸುವ ವಿದ್ಯೆ ಕಲಿತವನು. ಹೆಂಡತಿ ಲೋಲಾಳ ಊರೆಂದು ಇಲ್ಲಿಗೆ ಬಂದು ಕಟ್ಟು ಹಾಕುವ ಅಂಗಡಿ ಇಟ್ಟಿದ್ದ; ಕಸುಬುದಾರನೆಂದು ಬೀದಿಯವರು 'ಉಸ್ತಾ' ಎನ್ನುತ್ತಿದ್ದರು. ಕೆಲಸ ಚೆನ್ನಾಗಿಯೇ ಬರುತ್ತಿತ್ತು, ಕೊಬ್ಬೂ ಅಷ್ಟೇ ಇತ್ತು. ಗಾಜಿಗೆ ಮುಖ ಅಂಟಿಕೊಂಡ, ಬೆನ್ನಿಗೆ ಅಗ್ಗದ ರಟ್ಟು ಹೊತ್ತು ಹಳದಿಗಟ್ಟಿದ ನಮ್ಮ ಫೋಟೋಗಳನ್ನು ಕಂಡರೆ ಮೂಗು ಮುರಿಯುತ್ತಿದ್ದ. "ನಿಮ್ಮಜ್ಜನ್ನ ಉಪ್ಪಿನಕಾಯಿ ಹಾಕಿದ್ರೂ ಇದಕ್ಕಿಂತ ಬಾಳಿಕೆ ಬರ್ತಿದ್ದ," ಎಂದು ಗಿರಾಕಿಗಳ ಮುಖಕ್ಕೇ ಹೇಳುತ್ತಿದ್ದ.

"ಇವ್ರು ನನ್ನ ಮಾವ ಬುರ್ಹಾನ್. ಇವ್ರು ಬೈದದ್ದು ಹತ್ತೋದು," ಎಂದಳು ಖೋಲಾ. "ಹಿಪ್ಪುನೇರಳೆ ಮರಕ್ಕೆ ಒಣಗು ಅಂದ್ರು, ಒಣಗಿಹೋಯ್ತು. ಒಡಹುಟ್ಟಿದ ತಮ್ಮನಿಗೆ..." ಅಷ್ಟಕ್ಕೇ ನಿಲ್ಲಿಸಿದಳು. "ಆಮೇಲೆ ಮಾಟ ತಿಳಿದ ಬಖ್ಶಿ ಒಬ್ಬ ಬಂದು ಚಿತ್ರದ ಬಾಯಿಗೆ ಮೇಣ ಮೆತ್ತಿ ನಾಲಿಗೆ ಕಟ್ದ. ಸಾಯೋತನಕ ಒಂದು ಮಾತಾಡ್ಲಿಲ್ಲ."

"ಲಕ್ವಾ ಹೊಡೆದಿರುತ್ತೆ ಖೋಲಾ. ಮೇಣಕ್ಕೆ ಅಂಥ ಶಕ್ತಿ ಇದ್ರೆ ನಿಮಗೂ ಒಂಚೂರು ಮೆತ್ತಿಸ್ತಿದ್ರು ನಿಮ್ಮೋರು."

ಅವಳು ನಗಲಿಲ್ಲ. ಹುಳ ತಿಂದ ಚೌಕಟ್ಟಿನ ಚಿತ್ರವನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಹೊರಗೆ ಸುಡುವ ಮಧ್ಯಾಹ್ನ. ಒಳಗೆ, ಬಣ್ಣ ಮಾಸದಿರಲೆಂದು ಕಿಟಕಿಗಳಿಗೆ ಕಪ್ಪು ಬಟ್ಟೆ ಬಿಗಿದ ಕೋಣೆಯಲ್ಲಿ, ಮೇಜಿನ ಮೇಲೊಂದು ದೀಪ ಬಿಟ್ಟರೆ ಕತ್ತಲೆ. ಕಾಯುತ್ತಿದ್ದ ಚರ್ಮದ ಅಂಟಿನ ಕಮಟು, ಮರದ ಹೊಟ್ಟಿನ ಸಿಹಿವಾಸನೆ. ಪಕ್ಕದ ರೊಟ್ಟಿ ಅಂಗಡಿಯಲ್ಲಿ ಎರ್ಗಾಶನ ಪಂಜರದ ಲಾವಕ್ಕಿ ಬಿಡುವಿಲ್ಲದೆ ಕೂಗುತ್ತಿತ್ತು. ಝೋಯಿರ್ ತುಕ್ಕು ಹಿಡಿದ ಮೊಳೆಗಳನ್ನು ಕಿತ್ತ. ಹಿಂದಿನ ರಟ್ಟು ಮುಟ್ಟಿದಲ್ಲೇ ಪುಡಿಯಾಯಿತು. ಹತ್ತಿಯ ರಟ್ಟು ಕತ್ತರಿಸಿಟ್ಟ, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಇಡುವ ಪಟ್ಟಿಗಳನ್ನು ಅಳೆದ. ಚಿತ್ರ ಚೆನ್ನಾಗಿಯೇ ಇತ್ತು. ಹುಬ್ಬು ಗಂಟಿಕ್ಕಿದ ಮುದುಕ, ಬಾಯಿದ್ದಲ್ಲಿ ಕಪ್ಪು ಗಡ್ಡೆ.

ಕೊಳೆಯ ಮೇಲೇ ಕಟ್ಟು ಹಾಕುವುದೆಂದರೆ ಅವನಿಗೆ ಹೇಸಿಗೆ. ಅಲಗು ತೆಗೆದುಕೊಂಡು ಮೇಣವನ್ನು ಎಬ್ಬಿಸಿದ. ಅದರೊಳಗೆ ಕೂದಲು ಸುತ್ತಿಕೊಂಡಿತ್ತು. ಗಡ್ಡೆಯನ್ನು ತಟ್ಟೆಗೆ ಹಾಕಿದ. ಜಿಡ್ಡಿನ ಕಲೆ ಮಾತ್ರ ಉಳಿಯಿತು.

ಈ ಕಸುಬಿನವರಿಗೆಲ್ಲ ಗೊತ್ತು, ಹಳೆಯ ಚಿತ್ರದ ಜಿಡ್ಡಿಗೆ ಎಂಜಲಿನಂಥ ಮದ್ದಿಲ್ಲ. ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲೂ ಮಾಡುವುದು ಅದನ್ನೇ. ಝೋಯಿರ್ ಕಡ್ಡಿಗೆ ಹತ್ತಿ ಸುತ್ತಿ, ಬಾಯಲ್ಲಿಟ್ಟು ಒದ್ದೆ ಮಾಡಿ, ಬುರ್ಹಾನನ ತುಟಿಯ ಮೇಲೆ ಮೆಲ್ಲಗೆ ಹೊರಳಿಸಿದ. ಕಪ್ಪು ಬಿಟ್ಟಿತು. ಹತ್ತಿ ಬದಲಿಸಿದ, ಮತ್ತೆ ಒರೆಸಿದ. ಖೋಲಾಳ ಮಾತು ನೆನಪಾಗಿ ನಗು ಬಂತು. ನಗುತ್ತಲೇ, ಬದಲಿಸುವುದನ್ನು ಮರೆತು, ಕೊಳೆಯಾದ ಹತ್ತಿಯನ್ನೇ ಬಾಯಿಗಿಟ್ಟುಕೊಂಡ.

ಕಹಿ. ಸುಟ್ಟ ಕುರಿಕೊಬ್ಬಿನ, ಹಸಿ ಮಣ್ಣಿನ ಕಹಿ. ಉಗಿದ. ಹೋಗಲಿಲ್ಲ. ದೀಪದಡಿ ಮುದುಕನ ಬಾಯಿ ಒದ್ದೆಯಾಗಿ ಹೊಳೆಯುತ್ತಿತ್ತು. ಒರೆಸುವಾಗ ಅದು ಅಷ್ಟು ತೆರೆದಿತ್ತೆಂದು ಅವನಿಗೆ ಅನಿಸಿರಲಿಲ್ಲ.

ಹಕ್ಕಿ ಕೂಗಿತು. "ಸಾಯಿ ಅತ್ಲಾಗೆ!" ಎಂದು ಗದರಿದ. ಕೂಗು ಅರ್ಧಕ್ಕೇ ನಿಂತಿತು.

ಸ್ವಲ್ಪ ಹೊತ್ತಿಗೆ ಎರ್ಗಾಶ್ ಬಂದ. ಕಣ್ಣಲ್ಲಿ ನೀರು, ಅಂಗೈಯಲ್ಲಿ ಸತ್ತ ಹಕ್ಕಿ.

"ಉಸ್ತಾ, ಹಾಡ್ತಾ ಹಾಡ್ತಾನೇ ಬಿದ್ದೋಯ್ತು. ನೋಡಿ..."

"ಅದನ್ನ ನನ್ನ ಮೇಜಿನ ಮೇಲೆ ಇಡ್ಬೇಡ್ವೋ, ನಿನ್ ಕೈ ಸೇದ್ಹೋಗ!"

ಹಕ್ಕಿ ನೆಲಕ್ಕೆ ಬಿತ್ತು. ಎರ್ಗಾಶನ ತೋಳು ಒಗೆದು ನೇತುಹಾಕಿದ ಬಟ್ಟೆಯಂತೆ ಜೋತಾಡಿತು. ಅವನು ಇನ್ನೊಂದು ಕೈಯಿಂದ ಆ ತೋಳನ್ನು ಎತ್ತಿ ನೋಡಿದ. ಬಿಟ್ಟ. ಮತ್ತೆ ಬಿತ್ತು. ಕಿರುಚಿಕೊಂಡು ಬೀದಿಗೆ ಓಡಿದ.

"ನಿಲ್ಲು" ಎನ್ನಲು ಹೋದ ಝೋಯಿರ್ ಬಾಯಿ ಮುಚ್ಚಿಕೊಂಡ. ನಿಲ್ಲು ಎಂದರೆ ಆ ಕಾಲುಗಳು ಮತ್ತೆ ನಡೆದಾವೇ? ಹೆದರಿಕೆ ಎಂದರೇನೆಂದು ನಮ್ಮ ಪಂಡಿತನಿಗೆ ಆಗ ತಿಳಿಯಿತು.

ಬಾಗಿಲ ಪರದೆ ಸರಿಯಿತು. ಲೋಲಾ. ತುಂಬಿದ ಬಸುರಿ, ಇಂದೋ ನಾಳೆಯೋ ಎನ್ನುವಂತಿದ್ದಳು. ಕೈಯಲ್ಲಿ ಊಟದ ಬುತ್ತಿ.

"ರೀ, ಎರ್ಗಾಶ್ ಅಣ್ಣ ಯಾಕೆ ಹಂಗೆ ಓಡ್ದ? ಮತ್ತೆ ಬೈದ್ರಾ?"

ಅವನು ಹಿಂದೆ ಸರಿದ. ಬೆನ್ನು ಗೋಡೆಗೆ ತಾಗಿತು. ಗಂಟಲೊಳಗೆ ಏನೋ ಹತ್ತುತ್ತಿತ್ತು. ಅವನದಲ್ಲದ ಮಾತು. ಮುದುಕನ ಮಾತು.

"ಮಾತಾಡ್ರಿ. ನಂಗೆ ಭಯ ಆಗ್ತಿದೆ."

ಒಳ್ಳೆಯ ಮಾತೊಂದನ್ನು ಹುಡುಕಿದ. ಚೆನ್ನಾಗಿರು ಎನ್ನಬೇಕು. ಬಾಳು ಎನ್ನಬೇಕು. ಸಿಗಲಿಲ್ಲ. ಜನ್ಮವೆಲ್ಲ ಉಗಿದವನ ಬಾಯಲ್ಲಿ ಹರಸುವ ಮಾತು ಎಲ್ಲಿಂದ ಬರಬೇಕು? ಕೈಯಿಂದ ಬಾಯಿ ಒತ್ತಿಹಿಡಿದ. ನಾಲಿಗೆ ಹೊರಳಿತು. ಹಲ್ಲು ತಳ್ಳಿತು. ಬೆರಳ ಸಂದಿಯಿಂದ ನುಸುಳಿತು.

"ಹಾ... ಹಾಳಾ..."

ಲೋಲಾಳ ಮುಖ ಬಿಳಿಚಿತು. ಬುತ್ತಿ ಬಿತ್ತು. ಎರಡೂ ಕೈ ಹೊಟ್ಟೆಗೆ ಹೋದವು.

"ಅಯ್ಯೋ... ಮಗು ಮಿಸುಕ್ತಿಲ್ಲ. ರೀ! ಮಿಸುಕ್ತಿಲ್ಲ!"

ತಟ್ಟೆ. ಮೇಣ. ಕೂದಲು ಸಮೇತ ಬಾಯಿಗೆ ತುರುಕಿಕೊಂಡ. ಅಗಿದ. ಉಸಿರು ಕಟ್ಟಿತು. ನುಂಗಿದ. ಮೊಳೆ ಹೊಡೆದಂಥ ನೋವು ನಾಲಿಗೆಯ ಬುಡದಲ್ಲಿ. ಆಮೇಲೆ ಏನೂ ಇಲ್ಲ. ನಾಲಿಗೆ ಬಾಯೊಳಗೊಂದು ಮರದ ತುಂಡು. ಮೊಣಕಾಲೂರಿ ಕುಸಿದ. ಲೋಲಾ ಅಳುತ್ತ ಅವನ ಕೈಯನ್ನು ಹೊಟ್ಟೆಯ ಮೇಲೆಳೆದುಕೊಂಡಳು. ಒಳಗಿನಿಂದ ಮೆಲ್ಲಗೆ ಒಂದು ಒದೆ.

ವೈದ್ಯರು ಲಕ್ವಾ ಎಂದರು. ಝೋಯಿರ್ ಹೊಸ ಕಟ್ಟು ಹಾಕಿ ಮುಗಿಸಿದ ಮೇಲೆ ಖೋಲಾ ಚಿತ್ರ ತೆಗೆದುಕೊಂಡು ಹೋಗಲು ಬಂದಳು. ಬುರ್ಹಾನನ ಬರಿದಾದ ಬಾಯನ್ನು ನೋಡಿದಳು, ಝೋಯಿರನ ಮುಚ್ಚಿದ ಬಾಯನ್ನು ನೋಡಿದಳು. "ಕಟ್ಟು ಚೆನ್ನಾಗಿದೆ," ಎಂದಷ್ಟೇ ಹೇಳಿದಳು.

ಹೆಣ್ಣುಮಗು ಹುಟ್ಟಿತು. ನಮ್ಮಲ್ಲಿ ಅಪ್ಪ ಕೂಸಿನ ಕಿವಿಯಲ್ಲಿ ಆಜಾನ್ ಹೇಳಿ ಹೆಸರು ಉಸುರುತ್ತಾನೆ. ಅಪ್ಪನಿಗೆ ಬಾಯಿಲ್ಲವೆಂದು ಎರ್ಗಾಶನನ್ನು ಕರೆದರು. ತನ್ನ ತೋಳು ಹೇಗೆ ಹೋಯಿತೆಂದು ಆ ಪುಣ್ಯಾತ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಉಳಿದ ಒಂದು ಕೈಯಲ್ಲೇ ಮಗುವನ್ನು ಎದೆಗವಚಿಕೊಂಡ.

"ಯಾವ ಹೆಸರು ಹೇಳ್ಲಿ ಉಸ್ತಾ? ಬರ್ಕೊಡಿ."

ಲೋಲಾ ಕಾಗದ ಪೆನ್ಸಿಲು ಕೊಟ್ಟಳು. ಝೋಯಿರ್ ಮೊದಲ ಅಕ್ಷರಕ್ಕೆ ಮೊನೆ ಊರಿದ. ತಾನು ಬರೆದದ್ದೂ ಹತ್ತಿದರೆ? ಪೆನ್ಸಿಲನ್ನು ಕೆಳಗಿಟ್ಟ.

"ಹಂಗಾದ್ರೆ ನಮ್ಮಮ್ಮನ ಹೆಸರಿಡ್ತೀನಿ. ಪುಣ್ಯವಂತೆ, ಯಾರಿಗೂ ಒಂದು ಕೆಟ್ಟ ಮಾತಾಡಿದವಳಲ್ಲ," ಎಂದು ಎರ್ಗಾಶ್ ಬಗ್ಗಿ ಮಗುವಿನ ಕಿವಿಯಲ್ಲಿ ಉಸುರಿದ. ಝೋಯಿರ್ ಅವನ ಜೋತುಬಿದ್ದ ತೋಳನ್ನು ನೋಡುತ್ತ ತಲೆಯಾಡಿಸಿದ.